ಅನ್ನ-ಸಾರು ಬಿಟ್ಟು ಬೇರೆ ತಿನ್ನದ ಹುಡುಗ, ಹಿತ್ತಲಲ್ಲಿ ನಾಲ್ಕು ಮಡಿ: ಏನು ಬೆಳೆಯಲಿ?

ಹೊಸನಗರದಿಂದ ಪ್ರಶ್ನೆ:
ಮಗನಿಗೆ ಆರು ವರ್ಷ. ಅನ್ನ, ತಿಳಿಸಾರು, ಹಪ್ಪಳ ಬಿಟ್ಟರೆ ಬೇರೇನೂ ಬೇಡ. ಡಾಕ್ಟರು ಬಣ್ಣಬಣ್ಣದ ತರಕಾರಿ ತಿನ್ನಿಸಿ ಅಂದಿದ್ದಾರೆ. ಹಿತ್ತಲಲ್ಲಿ ನಾಲ್ಕು ಮಡಿ ಮಾಡುವಷ್ಟು ಜಾಗ ಇದೆ. ಹೋದ ವರ್ಷ ಕ್ಯಾಪ್ಸಿಕಂ, ಕ್ಯಾರೆಟ್ ಹಾಕಿದ್ದೆ. ಜುಲೈ ಮಳೆಗೆ ಕೊಳೆತವು, ಉಳಿದದ್ದು ಮಂಗನ ಪಾಲು. ನೀವೆಲ್ಲ ಏನು ಬೆಳೆಯುತ್ತೀರಿ?

ತೀರ್ಥಹಳ್ಳಿಯಿಂದ:
ತಂಗೀ, ಕ್ಯಾಪ್ಸಿಕಂ ಆಸೆ ಬಿಡಿ. ನಾನೂ ಮೂರು ವರ್ಷ ಅದರ ಹಿಂದೆ ಬಿದ್ದು ಬೀಜದ ದುಡ್ಡು ಕಳೆದುಕೊಂಡೆ. ನಮ್ಮ ಮಳೆಗೆ ಒಗ್ಗುವುದು ಬಸಳೆ. ಕೆಂಪು ದಂಟಿನದನ್ನು ಗೇಣುದ್ದ ಕತ್ತರಿಸಿ ಊರಿ, ಮೇಲೊಂದು ಚಪ್ಪರ ಹಾಕಿ. ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೇ.

ಆದರೆ ಮಕ್ಕಳನ್ನು ಗೆಲ್ಲುವುದು ಕೆಂಪು ಹರಿವೆ. ಇದನ್ನು ಜೋರು ಮಳೆಯಲ್ಲಿ ಬಿತ್ತಬೇಡಿ, ಹನಿಯ ಹೊಡೆತಕ್ಕೇ ಎಳೆ ಸಸಿ ಮಲಗಿಬಿಡುತ್ತದೆ. ನಾನು ನವರಾತ್ರಿ ಕಳೆದ ಮೇಲೆ ಬಿತ್ತುತ್ತೇನೆ. ಮಡಿ ಒಂದು ಗೇಣು ಎತ್ತರ ಇರಲಿ, ಹಳೇ ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿ. ಬೀಜ ರಾಗಿಗಿಂತ ಸಣ್ಣ, ಒಣ ಮರಳು ಬೆರೆಸಿ ಎರಚಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ತಿಂಗಳೊಳಗೆ ಸೊಪ್ಪು ಸಿಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅರುಣಿಮಾ' ತಳಿ ಸಿಕ್ಕರೆ ಒಳ್ಳೆಯದು, ಕೊಯ್ದಷ್ಟೂ ಚಿಗುರುತ್ತದೆ.

ಹುಡುಗ ಅನ್ನ-ಸಾರು ಬಿಡುವುದೇ ಬೇಡ. ಸಾರಿನ ಬಣ್ಣ ಬದಲಾಯಿಸಿ! ಹರಿವೆ ಬೆಂದ ನೀರು ಚೆಲ್ಲದೆ ಸಾರಿಗೆ ಹಾಕಿ. ಕಲಸಿದ ಅನ್ನ ಗುಲಾಬಿ ಬಣ್ಣ ಆಗುತ್ತದೆ. ನಮ್ಮ ಮೊಮ್ಮಗಳು ಅದೇ ಬೇಕು ಅಂತ ಹಟ ಹಿಡಿಯುತ್ತಾಳೆ. ಪಲ್ಯ ಮಾಡಿದರೆ ಮಾತ್ರ ಈಗಲೂ ಮೂಗು ಮುರಿಯುತ್ತಾಳೆ.

ಸಾಗರದಿಂದ:
ಮಳೆಗಾಲದ ತರಕಾರಿಯನ್ನು ಮಳೆಗಾಲದಲ್ಲೇ ಬೆಳೆಯಬೇಕು ಅಂತಿಲ್ಲ ಅಲ್ವಾ? ಸಿಹಿಗುಂಬಳ, ಮೊಗೆಕಾಯಿ (ಮಂಗಳೂರು ಸೌತೆ) ಬೇಸಿಗೆಯಲ್ಲೇ ಬೆಳೆದಿಡಿ. ನಮ್ಮಜ್ಜಿ ಮೊಗೆಕಾಯಿಗಳನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ಸಾಲಾಗಿ ತೂಗಿಬಿಡುತ್ತಿದ್ದರು. ಮಳೆ ಮುಗಿಯುವವರೆಗೂ ಇರುತ್ತಿತ್ತು. ತೊಟ್ಟು ಉಳಿಸಿ ಕೊಯ್ಯಬೇಕು, ಪೆಟ್ಟು ಬಿದ್ದದ್ದನ್ನು ಮೊದಲು ಅಡುಗೆಗೆ ಹಾಕಬೇಕು. ಕುಂಬಳಕ್ಕೆ ಹಳದಿ ಬಣ್ಣ ಕೊಡುವ ಕ್ಯಾರೊಟಿನ್ ಮೈಗೆ ಹತ್ತಲು ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಕಾಯಿತುರಿ, ಒಗ್ಗರಣೆ ಎಣ್ಣೆಗೆ ಜಿಪುಣತನ ಮಾಡಬೇಡಿ.

ಮಂಗಕ್ಕೆ ಪೂರ್ತಿ ಮದ್ದು ನಮ್ಮಲ್ಲೂ ಇಲ್ಲ. ಹಳೇ ಮೀನಿನ ಬಲೆ ಹೊದಿಸಿದ ಮಡಿ ಉಳಿದಿದೆ. ಬೆದರುಬೊಂಬೆಗೆ ಎರಡೇ ದಿನ ಮರ್ಯಾದೆ.

ಶಿವಮೊಗ್ಗ ಪೇಟೆಯಿಂದ:
ನಮ್ಮದು ತಾರಸಿ. ಚಳಿಗಾಲದಲ್ಲಿ ಚೀಲಗಳಲ್ಲಿ ಬೀಟ್‌ರೂಟ್ ಬೆಳೆಯುತ್ತೇವೆ. ಸೊಪ್ಪನ್ನೂ ಎಸೆಯುವುದಿಲ್ಲ. ಒಂದು ಎಚ್ಚರಿಕೆ: ಮೊದಲ ಸಲ ಜಾಸ್ತಿ ತಿಂದ ಮಗಳ ಮೂತ್ರ ಕೆಂಪಾಗಿ, ರಾತ್ರಿ ಹನ್ನೊಂದಕ್ಕೆ ಡಾಕ್ಟರಿಗೆ ಫೋನ್ ಮಾಡಿದ್ದೆ. ಅವರು ನಕ್ಕು, "ಏನು ತಿಂದಳು?" ಅಂತ ಕೇಳಿದರು. ಅದು ಬೀಟ್‌ರೂಟ್ ಬಣ್ಣವಂತೆ, ತಾನಾಗಿ ಹೋಯಿತು.

ಕೊಪ್ಪದಿಂದ:
ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ. ಆಲೂಗಡ್ಡೆ, ಗೆಣಸು ಆ ಲೆಕ್ಕಕ್ಕಿಲ್ಲ. ಮಗನ ಜೊತೆ ನಿಮ್ಮ ತಟ್ಟೆಯನ್ನೂ ಒಮ್ಮೆ ನೋಡಿಕೊಳ್ಳಿ.

ಮತ್ತೆ ಹೊಸನಗರದಿಂದ:
ಪಕ್ಕದ ಮನೆಯ ಹರಿವೆ ತಂದು ಸಾರು ಮಾಡಿದೆ. ಐದು ತುತ್ತು ತಿಂದ, ಆಮೇಲೆ ಹಪ್ಪಳ ಕೇಳಿದ. ಕೆಂಪು ಬಸಳೆ ದಂಟು ಯಾರ ಹತ್ತಿರವಾದರೂ ಇದ್ದರೆ ಹೇಳಿ, ರಿಪ್ಪನ್‌ಪೇಟೆವರೆಗೂ ಬಂದು ತೆಗೆದುಕೊಳ್ಳುತ್ತೇನೆ.