ಪದಚರ್ಚೆ: ಇಸ್ತಾಂಬುಲ್‌ನ ‘ಕಪಲಿಚಾರ್ಶಿ’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಅಕ್ಕ, ಭಾವ ಮೊದಲ ಸಲ ಇಸ್ತಾಂಬುಲ್‌ಗೆ ಹೊರಟಿದ್ದಾರೆ. ಅವರ ಕೈಗೆ ಕೊಡಲೆಂದು ನಾಲ್ಕು ಪುಟದ ಟಿಪ್ಪಣಿ ಬರೆಯಲು ಕೂತೆ. ಮಸೀದಿಯೊಳಗೆ ಹೋಗುವಾಗ ಚಪ್ಪಲಿ ಬಿಡುವುದು, ತಲೆಗೆ ಬಟ್ಟೆ ಹಾಕಿಕೊಳ್ಳುವುದು ಇವೆಲ್ಲ ಸಲೀಸಾಗಿ ಮುಗಿದವು. ಸಿಕ್ಕಿಬಿದ್ದದ್ದು ಒಂದು ಪದದಲ್ಲಿ.

ಪ್ರವಾಸದ ಪುಸ್ತಕಗಳಲ್ಲಿ ಗ್ರ್ಯಾಂಡ್ ಬಜಾರ್ ಎಂದಿರುವ ಜಾಗಕ್ಕೆ ಅಲ್ಲಿಯವರು ಕಪಲಿಚಾರ್ಶಿ ಎನ್ನುತ್ತಾರೆ. 1453ರಲ್ಲಿ ನಗರವನ್ನು ಗೆದ್ದ ಆಟೊಮನ್ ಸುಲ್ತಾನ ಎರಡನೇ ಮೆಹ್ಮೆದ್‌ನ ಕಾಲದಲ್ಲಿ ಶುರುವಾದದ್ದು. ಕಮಾನು ಚಾವಣಿಯ ಕೆಳಗೆ ಸುಮಾರು 60 ಓಣಿಗಳು, ಸಾವಿರಾರು ಅಂಗಡಿಗಳು. ‘ಚಾರ್ಶಿ’ ಎಂದರೆ ಕಾಯಂ ಅಂಗಡಿಸಾಲು, ನಮ್ಮ ಪೇಟೆ. ಕಸುಬಿನ ಹೆಸರಿನ ಓಣಿಗಳೂ ಇವೆ. ಕಲ್ಪಾಕ್ ಎಂಬ ಟೊಪ್ಪಿ ಮಾಡುವವರ ಬೀದಿಯಲ್ಲಿ ಈಗ ಚಿನ್ನದಂಗಡಿಗಳು. ಬಳೇಪೇಟೆಗೆ ಸೀರೆ ಕೊಳ್ಳಲು ಹೋಗುವ ನಮಗೆ ಇದೇನೂ ಹೊಸದಲ್ಲ.

ಹಾಗಾದರೆ ಬಜಾರು ಎಲ್ಲಿ ಹೋಯಿತು? ತುರ್ಕಿಯಲ್ಲಿ ಅದು ‘ಪಜಾರ್’, ಅರ್ಥ ಸಂತೆ. ಬುಧವಾರ ಇಸ್ತಾಂಬುಲ್‌ನ ಫಾತಿಹ್ ಭಾಗದಲ್ಲಿ ಸೇರುವುದು ‘ಚಾರ್ಶಂಬಾ ಪಜಾರ್’, ಅಂದರೆ ಬುಧವಾರದ ಸಂತೆ. ಕೊಡಗಿನ ಶನಿವಾರಸಂತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಭಾನುವಾರದ ಹೆಸರೂ ಪಜಾರ್, ಸೋಮವಾರವೆಂದರೆ ‘ಪಜಾರ್ತೆಸಿ’, ಸಂತೆಯ ಮಾರನೆಯ ದಿನ. ತಮಾಷೆಯೆಂದರೆ ಪಜಾರ್‌ನ ದಿನ, ಅಂದರೆ ಭಾನುವಾರ, ಗ್ರ್ಯಾಂಡ್ ಬಜಾರಿಗೆ ರಜೆ. ಇದನ್ನು ಮಾತ್ರ ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ತೊಡಕಿರುವುದು ‘ಕಪಲಿ’ಯಲ್ಲಿ. ಅದರ ಅರ್ಥ ಮುಚ್ಚಿದ. ಮೇಲೆ ಚಾವಣಿ ಇದ್ದರೂ ಕಪಲಿ, ಬಾಗಿಲು ಹಾಕಿದ್ದರೂ ಕಪಲಿ. ಅಂಗಡಿ ಬಾಗಿಲಲ್ಲಿ ಆ ಫಲಕ ತೂಗುತ್ತಿದ್ದರೆ ವಾಪಸು ಬರಬೇಕು. ಮೋಡ ಕವಿದರೆ ‘ಹವಾ ಕಪಲಿ’. ನಾವೂ ಹೀಗೇ ಅಲ್ಲವೇ? ಪಾತ್ರೆಗೆ ತಟ್ಟೆ ಮುಚ್ಚುತ್ತೇವೆ, ಅಂಗಡಿ ಮುಚ್ಚುತ್ತೇವೆ, ಮೋಡವೂ ಮುಚ್ಚಿಕೊಳ್ಳುತ್ತದೆ. ಒಂದು ಕ್ರಿಯಾಪದದ ಮೂರೂ ಬಳಕೆ ಎರಡು ಭಾಷೆಯಲ್ಲಿ ಇಷ್ಟು ಚೆನ್ನಾಗಿ ಕೂಡಿಬರುವುದು ಅಪರೂಪ. ಹಿಗ್ಗಿನಲ್ಲಿ ‘ಮುಚ್ಚಿದ ಪೇಟೆ’ ಎಂದು ಬರೆದು ಅಕ್ಕನಿಗೆ ಕಳಿಸಿದೆ. “ಮುಚ್ಚಿದ್ಮೇಲೆ ಅಲ್ಲಿಗ್ಯಾಕೋ ಹೋಗೋದು?” ಅಂದಳು.

‘ಮುಚ್ಚುಪೇಟೆ’ ಮಾಡಿ ನೋಡಿದೆ. ಮುಚ್ಚುಮರೆಯ ನೆರಳು ಬಿದ್ದು ಕಳ್ಳಮಾಲು ಮಾರುವ ಜಾಗದಂತೆ ಕೇಳಿಸಿತು. ‘ಸೂರುಪೇಟೆ’ ಎಂದರೆ ಹೆಂಚಿನ ಮನೆಯ ಇಳಿಜಾರು ಕಣ್ಣಿಗೆ ಬರುತ್ತದೆ, ಇಲ್ಲಿರುವುದು ಕಮಾನು. ಕೊನೆಗೆ ಹೊಳೆದದ್ದು ಮಲೆನಾಡಿನ ‘ಮುಚ್ಚಿಗೆ’. ಹೆಂಚಿನ ಮಾಡಿನ ಕೆಳಗೆ ಹಲಗೆ ಹಾಸಿ ಮಾಡುವ ಒಳಚಾವಣಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಧಾತು ಅದೇ ‘ಮುಚ್ಚು’, ಆದರೆ ಬಾಗಿಲು ಹಾಕಿದ ಅರ್ಥ ಬರುವುದಿಲ್ಲ. ಆದ್ದರಿಂದ ‘ಮುಚ್ಚಿಗೆಪೇಟೆ’.

ಬರವಣಿಗೆಯ ಇನ್ನೊಂದು ಸಣ್ಣ ತಕರಾರು. ‘ಕಪಲಿ’, ‘ಚಾರ್ಶಿ’ ಎರಡರ ಕೊನೆಯಲ್ಲೂ ಇರುವುದು ನಿಜವಾದ ಇಕಾರವಲ್ಲ. 1928ರಲ್ಲಿ ತುರ್ಕಿ ಅರಬ್ಬಿ ಲಿಪಿ ಬಿಟ್ಟು ರೋಮನ್ ಲಿಪಿಗೆ ಬಂದಾಗ ಈ ಸ್ವರಕ್ಕೆ ಚುಕ್ಕಿಯಿಲ್ಲದ ಐ ಅಕ್ಷರ ಕೊಟ್ಟರು. ತುಟಿ ದುಂಡಗೆ ಮಾಡದೆ ‘ಉ’ ಎಂದರೆ ಅದರ ಹತ್ತಿರ ಬರುತ್ತದೆ. ತುಳುವಿನಲ್ಲಿ ಹತ್ತಕ್ಕೆ ‘ಪತ್ತ್’ ಎನ್ನುವಾಗ ಕೊನೆಗೆ ಕೇಳುವ ಸ್ವರ ಹೆಚ್ಚುಕಡಿಮೆ ಅದೇ. ‘ಕಪಲ್‌ಚಾರ್ಶ್’ ಎಂದು ಬರೆದರೆ ಮಂಗಳೂರಿನವರು ಸರಿಯಾಗಿ ಓದಿಯಾರು, ಮಿಕ್ಕವರು ಅರ್ಧ ಅಕ್ಷರಕ್ಕೆ ನಿಂತುಬಿಡುತ್ತಾರೆ. ‘ಕಪಾಲಿ’ ಎಂದು ಎಳೆದರಂತೂ ಶಿವನೇ ಬರುತ್ತಾನೆ. ಅದಕ್ಕೇ ಸದ್ಯಕ್ಕೆ ‘ಕಪಲಿಚಾರ್ಶಿ’.

ಬಯಲುಸೀಮೆಯವರು, ಧಾರವಾಡ-ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ‘ಮುಚ್ಚಿಗೆ’ ಎಂದರೆ ನಿಮ್ಮ ಕಿವಿಗೆ ಏನು ಕೇಳಿಸುತ್ತದೆ? ನಿಮ್ಮಲ್ಲಿ ಚಾವಣಿ ಹೊದಿಸಿದ ಅಂಗಡಿಸಾಲಿಗೆ ಬೇರೆ ಮಾತಿದ್ದರೆ ಬೇಗ ತಿಳಿಸಿ; ಅವರು ಹೊರಡುವುದು ಬರುವ ಗುರುವಾರ.