ಶಿರಸಿಯ ಮಳೆಯಲ್ಲಿ ನೆಲಮಾಳಿಗೆಯ ಹೋಮ್ ಥಿಯೇಟರ್: ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ತೋಟದಂಚು, ಶಿರಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಅಡಿಕೆ ತೋಟದ ಮೇಲಿನ ಇಳಿಜಾರಿನಲ್ಲಿದೆ. ಧರೆ (ಗುಡ್ಡದ ಕಡಿದಾದ ಮಣ್ಣಿನ ಮೈ) ಕಡಿದು ಕಟ್ಟಿದ ಮನೆಯಾದ್ದರಿಂದ ಕೆಳಗಿನ ಅಂತಸ್ತಿನ ಎರಡು ಗೋಡೆಗಳು ಪೂರ್ತಿಯಾಗಿ ಮಣ್ಣಿಗೆ ತಾಗಿಕೊಂಡಿವೆ. ತೋಟದ ಕಡೆಯ ಗೋಡೆ ಮಾತ್ರ ಬಯಲಿಗೆ ತೆರೆದಿದ್ದು, ಬಾಗಿಲೂ ಅಲ್ಲಿಯೇ ಇದೆ. ಇಷ್ಟು ವರ್ಷ ಅಡಿಕೆ ಚೀಲಗಳನ್ನು ಇಡುತ್ತಿದ್ದ ಈ ಕೋಣೆಯನ್ನು ಹೋಮ್ ಥಿಯೇಟರ್ ಆಗಿ ಮಾರ್ಪಡಿಸಬೇಕೆಂದಿದ್ದೇನೆ. ವಿದ್ಯುತ್ ಕೆಲಸವೊಂದನ್ನು ಬಿಟ್ಟು ಉಳಿದುದನ್ನು ತಮ್ಮನೂ ನಾನೂ ಸೇರಿ ಮಾಡುವ ಯೋಚನೆ.

ಕೋಣೆಯ ಉದ್ದ 18 ಅಡಿ, ಅಗಲ 12 ಅಡಿ, ಎತ್ತರ 9 ಅಡಿ. ಗೋಡೆ ಚಿರೆಕಲ್ಲಿನದು, ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇದೆ. ಮರದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊಡೆದು, ಅದರ ಮೇಲೆ ಫೋಮ್ ಅಂಟಿಸಿ, ನೆಲಕ್ಕೆ ಕಾರ್ಪೆಟ್ ಹಾಸಿ, ಪ್ರೊಜೆಕ್ಟರ್ ಮತ್ತು 5.1 ಸ್ಪೀಕರ್ (ಐದು ಸ್ಪೀಕರ್, ಜೊತೆಗೆ ಕೆಳಗಿನ ಸ್ವರಗಳಿಗೆ ಒಂದು ಸಬ್‌ವೂಫರ್) ಕೂರಿಸುವುದು ಈಗಿನ ಯೋಜನೆ. ಸಮಸ್ಯೆ ಇರುವುದು ಮಳೆಗಾಲದಲ್ಲಿ. ಪುಷ್ಯ ಮಳೆಯ ಹೊತ್ತಿಗೆ ಧರೆ ಕಡೆಯ ಗೋಡೆಯ ಕೆಳಗಿನ ಎರಡು ಅಡಿ ಕಪ್ಪಾಗುತ್ತದೆ, ನೆಲದ ಒಂದು ಮೂಲೆಯಲ್ಲಿ ಜಲವೂ ಏಳುತ್ತದೆ. ದೀಪಾವಳಿಯ ಹೊತ್ತಿಗೆ ಎಲ್ಲವೂ ಒಣಗಿರುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಲೇಪನ ಬಳಿದು ಮುಂದುವರಿದರೆ ಸಾಕೇ? ಪರದೆ ಎಷ್ಟು ದೊಡ್ಡದಿರಬೇಕು? ಅಪ್ಪಯ್ಯನಿಗೆ ಸಿನಿಮಾಕ್ಕಿಂತ ತಾಳಮದ್ದಳೆ (ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲಿಯೇ ನಡೆಸುವ ಯಕ್ಷಗಾನ) ಮುಖ್ಯ ಎಂಬುದನ್ನೂ ಗಮನದಲ್ಲಿಟ್ಟು ಸಲಹೆ ನೀಡಬೇಕಾಗಿ ವಿನಂತಿ.

ಕುಮಟಾದ ಕಟ್ಟಡ ಕೆಲಸದವ

ತೋಟದಂಚಿನವರೇ, ಒಳಗಿನಿಂದ ಲೇಪನ ಬಳಿದು ಮುಂದುವರಿಯುವ ವಿಚಾರವನ್ನು ದಯವಿಟ್ಟು ಕೈಬಿಡಿ. ಚಿರೆಕಲ್ಲಿನ ಮೈತುಂಬ ರಂಧ್ರಗಳಿರುವುದರಿಂದ ಅದು ಪಕ್ಕದ ಮಣ್ಣಿನ ನೀರನ್ನು ಹೀರುವುದಲ್ಲದೆ ಮೇಲಕ್ಕೂ ಏರಿಸುತ್ತದೆ. ಒಳಮೈಯನ್ನು ಮಾತ್ರ ಮುಚ್ಚಿದರೆ ಗೋಡೆಯೊಳಗೆ ಸಿಕ್ಕಿಕೊಂಡ ನೀರು ಲೇಪನವನ್ನು ಹಿಂದಿನಿಂದ ತಳ್ಳುತ್ತದೆ, ಈಗ ಎರಡು ಅಡಿಗೆ ನಿಂತಿರುವ ತೇವದ ಗೆರೆ ಇನ್ನಷ್ಟು ಮೇಲೇರುತ್ತದೆ, ಕೊನೆಗೆ ಬಿಳಿಯ ಉಪ್ಪು ಕಟ್ಟಿ ಪ್ಲಾಸ್ಟರ್ ಹಪ್ಪಳದಂತೆ ಏಳುತ್ತದೆ. ಹರಳುಗಟ್ಟಿ ರಂಧ್ರ ಮುಚ್ಚುತ್ತದೆಂದು ಅಂಗಡಿಯಲ್ಲಿ ಹೇಳುವ ಲೇಪನಗಳು ಕಾಂಕ್ರೀಟಿನಲ್ಲಿರುವ ಸುಣ್ಣದ ಅಂಶದೊಡನೆ ವರ್ತಿಸಿ ಕೆಲಸ ಮಾಡುವಂಥವು; ಚಿರೆಕಲ್ಲಿನ ಗೋಡೆಗೆ ಅವು ಹೇಳಿ ಮಾಡಿಸಿದವಲ್ಲ.

ಗೋಡೆಯ ಹಿಂದೆ ನೀರು ನಿಲ್ಲದಂತೆ ಮಾಡುವುದೇ ಇಲ್ಲಿನ ಮುಖ್ಯ ಕೆಲಸ. ನಿಂತ ನೀರಿನ ಎತ್ತರ ಒಂದು ಮೀಟರ್ ಹೆಚ್ಚಿದಂತೆಲ್ಲ ತಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ ಕೂಡುತ್ತಾ ಹೋಗುತ್ತದೆ. ಅದನ್ನು ಬಣ್ಣದ ಪದರದಿಂದ ತಡೆಯಲಾಗದು. ಅಡಿಕೆ ಮರದ ಬುಡದಲ್ಲಿ ನೀರು ನಿಲ್ಲಬಾರದೆಂದು ನೀವು ತೋಟದಲ್ಲಿ ಬಸಿಗಾಲುವೆ ತೆಗೆಯುತ್ತೀರಲ್ಲ, ಮನೆಯ ಹಿಂದೆಯೂ ಅದನ್ನೇ ಮಾಡಬೇಕು. ಧರೆಗೂ ಗೋಡೆಗೂ ನಡುವೆ ಪಾಯದ ತಳದವರೆಗೆ, ಅದಕ್ಕಿಂತ ಕೆಳಗೆ ಖಂಡಿತ ಹೋಗದಂತೆ, ಕಾಲುವೆ ಅಗೆಯಿರಿ. ಗೋಡೆಯ ಹೊರಮೈಯನ್ನು ಉಜ್ಜಿ ಸ್ವಚ್ಛಗೊಳಿಸಿ, ಸಿಮೆಂಟ್ ಪ್ಲಾಸ್ಟರ್ ಮಾಡಿ, ಅದು ಗಟ್ಟಿಯಾದ ಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಲೇಪನವನ್ನು ಎರಡು ಸಲ ಕೊಡಿ. ತಳದಲ್ಲಿ 4 ಇಂಚಿನ ರಂಧ್ರವಿರುವ ಪೈಪನ್ನು, ರಂಧ್ರಗಳು ಕೆಳಮುಖವಾಗಿರುವಂತೆ, ನೂರು ಅಡಿಗೆ ಒಂದು ಅಡಿಯ ಇಳುಕಲಿನಲ್ಲಿ ಮಲಗಿಸಿ, ಸುತ್ತ 20 ಮಿಲಿಮೀಟರ್ ಜಲ್ಲಿ ತುಂಬಿ, ಜಲ್ಲಿಯನ್ನೆಲ್ಲ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯಿಂದ ಸುತ್ತಬೇಕು. ಬಟ್ಟೆ ಬಿಟ್ಟರೆ ನಮ್ಮ ಕೆಂಪುಮಣ್ಣು ಕೆಲವೇ ವರ್ಷಗಳಲ್ಲಿ ಜಲ್ಲಿಯ ಸಂದಿಗಳನ್ನೆಲ್ಲ ತುಂಬಿಬಿಡುತ್ತದೆ. ಪೈಪಿನ ಬಾಯಿ ಮನೆಯನ್ನು ಸುತ್ತಿ ತೋಟದ ಕಡೆಗೆ ತೆರೆದಿರಲಿ.

ಇಡೀ ಗೋಡೆಯುದ್ದಕ್ಕೂ ಒಮ್ಮೆಲೇ ಅಗೆಯಬೇಡಿ. ಐದಾರು ಅಡಿ ಅಗೆದು, ಕೆಲಸ ಮುಗಿಸಿ, ಮುಚ್ಚಿ, ಮತ್ತೆ ಮುಂದಿನ ಐದಾರು ಅಡಿಗೆ ಹೋಗಿ. ಧರೆ ಕುಸಿದರೆ ಕಾಲುವೆಯೊಳಗೆ ಇರುವವರು ಪಾರಾಗುವುದು ಕಷ್ಟ. ಆಳ ಎದೆಮಟ್ಟ ದಾಟುವುದಾದರೆ ಇದು ಅಣ್ಣತಮ್ಮಂದಿರು ಬಿಡುವಿನಲ್ಲಿ ಮಾಡುವ ಕೆಲಸವಲ್ಲ, ಮಣ್ಣಿಗೆ ಆನಿಕೆ ಕೊಡಲು ಬಲ್ಲ ಮೇಸ್ತ್ರಿಯನ್ನೇ ಕರೆಯಿರಿ. ನೆಲ ಒಣಗಿರುವ ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಇದಕ್ಕೆ ಸೂಕ್ತ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 150 ಚದರ ಮೀಟರಿನ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಸುರಿದರೆ, ಜುಲೈ ತಿಂಗಳಲ್ಲಿ ಅದು ನಮಗೆ ಅಪರೂಪವೇನಲ್ಲ, 15,000 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ಅದರಲ್ಲಿ ಅರ್ಧ ಧರೆ ಮತ್ತು ಗೋಡೆಯ ನಡುವೆಯೇ ಬೀಳುತ್ತಿದ್ದರೆ ಯಾವ ಪೈಪೂ ಸಾಲದು. ಮೊದಲು ಆ ಬದಿಯ ಸೂರಿಗೆ ದಂಬೆ (ಮಾಡಿನ ನೀರು ಹಿಡಿದು ಹರಿಸುವ ದೋಣಿ) ಕಟ್ಟಿ ನೀರನ್ನು ದೂರ ಸಾಗಿಸಿ.

ಜಲ ಏಳುವ ನೆಲದ ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಳೆ ಹಾಸಿ, ಅಂಚನ್ನು ಗೋಡೆಯ ಮೇಲಕ್ಕೆ ಮಡಚಿ, 3 ಇಂಚಿನ ಕಾಂಕ್ರೀಟ್ ಹಾಕಬಹುದು. ಆದರೆ ಇದು ಹೊರಗಿನ ಕಾಲುವೆಯಿಂದ ಜಲ ನಿಂತಿದೆಯೆಂದು ಖಾತ್ರಿಯಾದ ಮೇಲಿನ ಮಾತು. ಖಾತ್ರಿ ಮಾಡಿಕೊಳ್ಳಲು ಕೋಣೆಯನ್ನು ಒಂದು ಮಳೆಗಾಲ ಬರಿದಾಗಿ ಬಿಡಿ. ಪುಷ್ಯ ಮಳೆಯಲ್ಲಿ 18 ಇಂಚು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ಹನಿಗಟ್ಟಿದ್ದರೆ ತೇವ ನೆಲದಿಂದ ಬರುತ್ತಿದೆ. ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ ಗಾಳಿಯಿಂದ. ಎರಡಕ್ಕೂ ಮದ್ದು ಬೇರೆ ಬೇರೆ.

ಮರದ ಚೌಕಟ್ಟು ಬೇಡ, ಗೆದ್ದಲು ಬಿಡುವುದಿಲ್ಲ. ಜಿಐ (ಸತು ಲೇಪಿತ ಕಬ್ಬಿಣದ) ಚಾನೆಲ್ ಬಳಸಿ, ಮಣ್ಣಿಗೆ ತಾಗಿದ ಗೋಡೆಗಳಿಂದ ಒಂದು ಇಂಚು ಬಿಟ್ಟು ನಿಲ್ಲಿಸಿ, ಜಿಪ್ಸಮ್ ಬದಲು ಫೈಬರ್ ಸಿಮೆಂಟ್ ಬೋರ್ಡ್ ಹಾಕಿ.

ಕಡಲ ಗಾಳಿ, ಕಾರವಾರ

ಕುಮಟಾದವರ ಮಾತಿಗೆ ನನ್ನ ಸಹಮತವಿದೆ. ಆದರೂ ಒಂದು ಪ್ರಶ್ನೆ: ಮಾಳಿಗೆಯ ಮೇಲೆ ಕೋಣೆ ಖಾಲಿಯಿದ್ದರೆ ಅಲ್ಲಿಯೇ ಏಕೆ ಮಾಡಬಾರದು? ಸಮುದ್ರಕ್ಕೆ ಹತ್ತಿರವಿರುವ ನಮ್ಮಲ್ಲಿ ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲೆ ಬರುತ್ತದೆ. ನೆಲಮಾಳಿಗೆ ಮಾಡಿದರೆ ಸದಾ ಓಡುವ ಪಂಪ್ ಬೇಕು, ಪಂಪ್ ಓಡಬೇಕಾದ ರಾತ್ರಿಯೇ ಕರೆಂಟ್ ಇರುವುದಿಲ್ಲ. ಹಾಗಾಗಿ ನಾನು ಥಿಯೇಟರನ್ನು ಮಾಳಿಗೆಯಲ್ಲಿಯೇ ಮಾಡಿಕೊಂಡೆ. ಘಟ್ಟದ ಮೇಲಿನ ನಿಮಗೆ ಇಳಿಜಾರು ಇರುವುದರಿಂದ ನೀರು ತಾನಾಗಿ ಹರಿದುಹೋಗುತ್ತದೆ, ಅದು ದೊಡ್ಡ ಅನುಕೂಲವೆಂಬುದು ನಿಜ.

ಗೋಡೆ ಒಣಗಿದರೂ ಗಾಳಿಯ ತೇವ ಉಳಿದೇ ಇರುತ್ತದೆ. ಎಸಿ ಹಾಕಿದರೆ ತೇವ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಶಿರಸಿಯ ಜುಲೈ ತಿಂಗಳಲ್ಲಿ ಕೋಣೆ ತಾನಾಗಿಯೇ ತಂಪಾಗಿರುವುದರಿಂದ ಕಂಪ್ರೆಸರ್ ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತದೆ, ತೇವ ಅಲ್ಲಿಯೇ ಉಳಿಯುತ್ತದೆ. ಎಕ್ಸಾಸ್ಟ್ ಫ್ಯಾನ್ ಸದಾ ಓಡಿಸಿದರೆ ಹೊರಗಿನ ಒದ್ದೆ ಗಾಳಿಯನ್ನೇ ಒಳಗೆ ಎಳೆದುಕೊಂಡಂತಾಗುತ್ತದೆ. ಆದ್ದರಿಂದ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಯಂತ್ರಕ್ಕೆ ಈಗಲೇ ಹಣ ಎತ್ತಿಡಿ, ಜೊತೆಗೆ ಒಂದು ಅಗ್ಗದ ಆರ್ದ್ರತಾ ಮಾಪಕವನ್ನು ಗೋಡೆಗೆ ತೂಗುಹಾಕಿ. ಆರ್ದ್ರತೆ ಶೇಕಡಾ 60ರ ಒಳಗಿದ್ದರೆ ಬೂಷ್ಟು ಸಾಮಾನ್ಯವಾಗಿ ಹತ್ತಿರ ಬರುವುದಿಲ್ಲ. ಅದಕ್ಕಿಂತ ಬಹಳ ಮೇಲೆಯೇ ನಿಂತರೆ ಕಾರ್ಪೆಟ್ ಮಾತ್ರವಲ್ಲ, ಪ್ರೊಜೆಕ್ಟರಿನ ಮಸೂರವೂ ಕೆಡುತ್ತದೆ.

ವಿದ್ಯುತ್ ಕೆಲಸದವರಿಗೆ ಹೇಳಬೇಕಾದದ್ದು: ಈ ಕೋಣೆಗೆ ಪ್ರತ್ಯೇಕ ಸರ್ಕ್ಯೂಟ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕರೆಂಟ್ ಕಡಿಯುವ ಸ್ವಿಚ್), ಸಿಡಿಲಿಗೆ ಸರ್ಜ್ ರಕ್ಷಕ ಮತ್ತು ಸರಿಯಾದ ಅರ್ಥಿಂಗ್. ಚಿರೆಕಲ್ಲಿನ ಒಣ ನೆಲ ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲವಾದ್ದರಿಂದ ಅರ್ಥಿಂಗನ್ನು ಬೇಸಿಗೆಯಲ್ಲಿ ಅಳೆಯಿಸಿ; ಮಳೆಗಾಲದ ಅಳತೆಯನ್ನು ನಂಬಬೇಡಿ.

ಕೇಳುಗ, ಯಲ್ಲಾಪುರ

ಮಾಳಿಗೆಗೆ ಹೋಗುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಗಲಿನಲ್ಲಿಯೂ ಕತ್ತಲೆ, ಎರಡು ಕಡೆ ಮಣ್ಣಿನ ಆಸರೆ, ಅಕ್ಕಪಕ್ಕದವರಿಗೆ ಶಬ್ದದ ಕಾಟವಿಲ್ಲ; ಇಷ್ಟು ಅನುಕೂಲ ಮಾಳಿಗೆಯಲ್ಲಿ ಸಿಗದು. ನೀರಿನ ಸಮಸ್ಯೆ ಪರಿಹಾರವಾಯಿತೆಂದು ಇಟ್ಟುಕೊಂಡು ಧ್ವನಿಯ ವಿಷಯಕ್ಕೆ ಬರುತ್ತೇನೆ.

ನಿಮ್ಮ ಅಳತೆಗಳಲ್ಲಿ ಒಂದು ತೊಡಕಿದೆ. ಎದುರುಬದುರು ಗೋಡೆಗಳ ನಡುವೆ ಶಬ್ದ ಅನುರಣಿಸುವ ಅತಿ ಕೆಳಗಿನ ಕಂಪನಾಂಕ ತಿಳಿಯಲು ಶಬ್ದದ ವೇಗವಾದ ಸೆಕೆಂಡಿಗೆ 343 ಮೀಟರನ್ನು ಅಂತರದ ಎರಡರಷ್ಟರಿಂದ ಭಾಗಿಸಬೇಕು. 18 ಅಡಿಗೆ ಅದು ಸುಮಾರು 31 ಹರ್ಟ್ಸ್, 12 ಅಡಿಗೆ 47, 9 ಅಡಿಗೆ 62. ಉದ್ದದ ಎರಡನೆಯ ಅನುರಣನವೂ 62 ಹರ್ಟ್ಸ್‌ಗೇ ಬರುತ್ತದೆ, ಏಕೆಂದರೆ 18 ಎಂಬುದು 9ರ ಎರಡರಷ್ಟು. ಅಂದರೆ ಆ ಒಂದು ಸ್ವರದಲ್ಲಿ ಕೋಣೆ ಇಮ್ಮಡಿಯಾಗಿ ಗುಂಯ್‌ಗುಟ್ಟುತ್ತದೆ. ಅದೃಷ್ಟವಶಾತ್ ಕುಮಟಾದವರು ಹೇಳಿದ ಕಾಂಕ್ರೀಟ್ ಹಾಸು ಮತ್ತು ಮೇಲಿನ ಒಳಚಾವಣಿ ಸೇರಿ ಎತ್ತರ 8 ಅಡಿಯ ಆಸುಪಾಸಿಗೆ ಇಳಿದರೆ ಅದರ ಅನುರಣನ 70 ಹರ್ಟ್ಸ್ ಸಮೀಪಕ್ಕೆ ಸರಿಯುತ್ತದೆ. ನೀರಿಗಾಗಿ ಮಾಡಿದ ಖರ್ಚು ಧ್ವನಿಗೂ ಒದಗಿತು.

ತಾಳಮದ್ದಳೆಗೆ ಬೇಕಾದದ್ದು ಮಾತಿನ ಸ್ಪಷ್ಟತೆ. ಅರ್ಥಧಾರಿಯ (ಪಾತ್ರವಾಗಿ ಮಾತಾಡುವವನ) ಒಂದು ಮಾತಿನ ಬಾಲ ಮುಂದಿನ ಮಾತಿನ ತಲೆಯ ಮೇಲೆ ಬಿದ್ದರೆ ವಾದದ ಸೊಗಸೇ ಹೋಯಿತು. ಕೋಣೆಯ ಗಾತ್ರ ಸುಮಾರು 55 ಘನ ಮೀಟರ್. ಶಬ್ದ ಅಡಗಲು 0.35 ಸೆಕೆಂಡ್ ಸಾಕು ಎಂದು ಗುರಿಯಿಟ್ಟರೆ, ಶಬ್ದ ಅಡಗುವ ಸಮಯವನ್ನು ಲೆಕ್ಕಹಾಕುವ ಸಬೀನ್ ಸೂತ್ರದ ಪ್ರಕಾರ ಸುಮಾರು 25 ಚದರ ಮೀಟರಿನಷ್ಟು ಪೂರ್ಣ ಹೀರಿಕೆ (ಬಿದ್ದ ಶಬ್ದವನ್ನೆಲ್ಲ ನುಂಗುವ ಮೇಲ್ಮೈ) ಬೇಕಾಗುತ್ತದೆ. ಬರಿಯ ಪ್ಲಾಸ್ಟರ್ ಗೋಡೆ ಮತ್ತು ಕಾಂಕ್ರೀಟಿನಿಂದ ಮೂರು ಚದರ ಮೀಟರಿನಷ್ಟೂ ಸಿಗುವುದು ಕಷ್ಟ. ಸೋಫಾ, ಕಾರ್ಪೆಟ್, ದಪ್ಪ ಕರ್ಟನ್ ಮತ್ತು ಕುಳಿತ ಜನ ಒಂದಿಷ್ಟನ್ನು ತುಂಬುತ್ತಾರೆ, ಉಳಿದುದನ್ನು ರಾಕ್‌ವೂಲ್ (ಕಲ್ಲಿನ ನಾರು) ಫಲಕಗಳಿಂದ ತುಂಬಬೇಕು. ನೀವು ಹೇಳಿದ ತೆಳು ಫೋಮ್ ಚಂಡೆಯ ಮೊನಚನ್ನು ಹೀರಿ ಮದ್ದಳೆಯ ಗುಮ್ಮನ್ನು ಹಾಗೆಯೇ ಬಿಡುತ್ತದೆ, ಮೇಲಾಗಿ ಬೆಂಕಿಗೆ ಬೇಗ ಹತ್ತಿಕೊಂಡು ವಿಷದ ಹೊಗೆ ಉಗುಳುತ್ತದೆ. ಒಂದೇ ಬಾಗಿಲಿರುವ ನೆಲಮಾಳಿಗೆಗೆ ಅದನ್ನು ತರಲೇಬೇಡಿ. ರಾಕ್‌ವೂಲ್ ಕಲ್ಲಿನಿಂದಾದದ್ದು, ಉರಿಯುವುದಿಲ್ಲ. 4 ಇಂಚು ದಪ್ಪದ ಫಲಕಗಳಿಗೆ ಗಾಳಿಯಾಡುವ ಬಟ್ಟೆ ಹೊದಿಸಿ, ಹಿಂದೆ ಸ್ವಲ್ಪ ಸಂದಿ ಬಿಟ್ಟು ಮೂಲೆಗಳಲ್ಲಿಯೂ ಅಕ್ಕಪಕ್ಕದ ಗೋಡೆಗಳಲ್ಲಿಯೂ ನಿಲ್ಲಿಸಿ.

ಆಸನವನ್ನು ಹಿಂದಿನ ಗೋಡೆಗೆ ಆನಿಸದೆ ಪರದೆಯಿಂದ 11 ಅಡಿಯ ಸುಮಾರಿಗೆ ಇಡಿ. ಅಲ್ಲಿಂದ 110 ಇಂಚಿನ ಪರದೆ ಕಣ್ಣಿಗೆ ಸುಮಾರು 40 ಡಿಗ್ರಿಯಷ್ಟು ವಿಸ್ತಾರ ತುಂಬುತ್ತದೆ, 100 ಇಂಚಿನದಾದರೆ 37 ಡಿಗ್ರಿಯ ಹತ್ತಿರ. ಸಿನಿಮಾಕ್ಕೆ 30ರಿಂದ 40 ಡಿಗ್ರಿ ಹಿತವೆಂಬುದು ರೂಢಿ. ಅಪ್ಪಯ್ಯನವರ ಕಣ್ಣಿಗೆ 100 ಇಂಚೇ ಸಾಕಾದೀತು. ಮುಂದಿನ ಎಡ ಬಲ ಸ್ಪೀಕರುಗಳು ನೇರ ನೋಟದಿಂದ ತಲಾ 30 ಡಿಗ್ರಿ, ಹಿಂಬದಿಯವು 110 ಡಿಗ್ರಿಯ ಆಸುಪಾಸಿನಲ್ಲಿರಲಿ. ತಾಳಮದ್ದಳೆಯ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ಎರಡು ಚಾನೆಲ್ಲಿನವು, ಹಳೆಯವು ಒಂದೇ ಚಾನೆಲ್ಲಿನವು. ಆದ್ದರಿಂದ ಹಣವನ್ನು ಮುಂದಿನ ಸ್ಪೀಕರುಗಳಿಗೆ ಹಾಕಿ, ಹಿಂದಿನವು ಸಾಧಾರಣವಾಗಿದ್ದರೂ ನಡೆಯುತ್ತದೆ.

ತೋಟದಂಚು, ಶಿರಸಿ

ಎಲ್ಲರಿಗೂ ಧನ್ಯವಾದಗಳು. ಮಾಳಿಗೆಯಲ್ಲಿ ಜಾಗವಿಲ್ಲ, ಈ ವರ್ಷ ಬಸಿಗಾಲುವೆ ಮತ್ತು ದಂಬೆಯ ಕೆಲಸ ಮಾತ್ರ ಮಾಡಿಸಿ, ಮಳೆಗಾಲ ಕಳೆದ ಮೇಲೆ ಮುಂದಿನದನ್ನು ನೋಡುತ್ತೇವೆ. ಎರಡು ಸಂಶಯಗಳು ಉಳಿದಿವೆ. ಆಯಿಯ ಮಲಗುವ ಕೋಣೆ ಸರಿಯಾಗಿ ಇದರ ಮೇಲೆಯೇ ಇದೆ. ಶಬ್ದ ಅಲ್ಲಿಗೆ ಹೋಗದಂತೆ ಮಾಡುವುದು ಹೇಗೆ? ರಾಕ್‌ವೂಲಿನ ಬದಲು ಒಣಗಿಸಿದ ಅಡಿಕೆ ಸಿಪ್ಪೆಯನ್ನು ಫಲಕಗಳಿಗೆ ತುಂಬಬಹುದೇ? ಅಂಗಳದಲ್ಲಿ ರಾಶಿ ಬಿದ್ದಿದೆ.

ಕೇಳುಗ, ಯಲ್ಲಾಪುರ

ಅಡಿಕೆ ಸಿಪ್ಪೆಯ ನಾರು ಶಬ್ದವನ್ನೇನೋ ಹೀರುತ್ತದೆ, ಆದರೆ ಅದು ಬೂಷ್ಟಿಗೆ ಆಹಾರ, ಬೆಂಕಿಗೂ ಆಹಾರ. ತೋಟದ ಗೊಬ್ಬರಕ್ಕೆ ಹಾಕುವುದೇ ಒಳ್ಳೆಯದು.

ಆಯಿಯವರ ನಿದ್ದೆಯ ವಿಷಯದಲ್ಲಿ ಹೀರಿಕೆಯ ಫಲಕಗಳನ್ನು ನಂಬಬೇಡಿ. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತವೆಯೇ ಹೊರತು ಹೊರಹೋಗುವ ಶಬ್ದವನ್ನು ತಡೆಯುವುದಿಲ್ಲ. ತಡೆಯಲು ಬೇಕಾದದ್ದು ಭಾರ, ಬಿಗಿತ ಮತ್ತು ಅಂತರ. ಸ್ಲ್ಯಾಬಿಗೆ ರಬ್ಬರ್ ಕೊಂಡಿಗಳಿಂದ ಚಾನೆಲ್ ತೂಗುಹಾಕಿ, ನಡುವೆ ರಾಕ್‌ವೂಲ್ ಹರಡಿ, ಕೆಳಗೆ ಎರಡು ಪದರ ಬೋರ್ಡ್ ಹೊಡೆದು, ಸುತ್ತಲಿನ ಸಂದಿಗಳನ್ನು ಗಟ್ಟಿಯಾಗದ ಸೀಲೆಂಟಿನಿಂದ ಮುಚ್ಚಿ. ಆ ಚಾವಣಿಯಲ್ಲಿ ದೀಪಕ್ಕೆಂದು ಹತ್ತಾರು ತೂತು ಕೊರೆಯಬೇಡಿ. ಸ್ಪೀಕರುಗಳನ್ನು ಗೋಡೆಗೆ ಮೊಳೆ ಹೊಡೆದು ತೂಗುವ ಬದಲು ಸ್ಟ್ಯಾಂಡಿನ ಮೇಲಿಡಿ. ಇಷ್ಟಾದರೂ ಸಬ್‌ವೂಫರಿನ ಅತಿ ಕೆಳಗಿನ ಸ್ವರ ಸ್ವಲ್ಪ ಮೇಲೆ ಹೋಗಿಯೇ ಹೋಗುತ್ತದೆ. ಆಯಿ ಮಲಗಿದ ಮೇಲೆ ಅದರ ಮಟ್ಟ ಇಳಿಸುವುದೊಂದೇ ದಾರಿ.

ಕುಮಟಾದ ಕಟ್ಟಡ ಕೆಲಸದವ

ಇಷ್ಟು ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಐದಾರು ಜನ ಮೂರು ಗಂಟೆ ಕುಳಿತರೆ ಉಸಿರು ಕಟ್ಟಿದಂತಾಗುತ್ತದೆ, ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ. ತಲೆಗೆ ಸೆಕೆಂಡಿಗೆ ಸುಮಾರು 8 ಲೀಟರ್ ಹೊಸ ಗಾಳಿ ಬರುವಂತೆ ತೋಟದ ಕಡೆಯ ಗೋಡೆಯಲ್ಲಿ ಒಂದು ಸಣ್ಣ ಫ್ಯಾನ್ ಇರಲಿ. ಕಾರವಾರದವರು ಎಚ್ಚರಿಸಿದ್ದು ಸದಾ ಓಡಿಸುವ ಬಗ್ಗೆ, ಜನ ಇರುವಾಗ ಮಾತ್ರ ಓಡಿಸಿ. ಗಾಳಿಯ ಕೊಳವೆಗೆ ಎರಡು ತಿರುವು ಕೊಟ್ಟು ಒಳಮೈಗೆ ಹೀರಿಕೆಯ ಪದರ ಹಾಕಿದರೆ ಶಬ್ದವೂ ಹೊರಗೆ ಸೋರದು. ಎಸಿ ಮತ್ತು ಡಿಹ್ಯೂಮಿಡಿಫೈಯರಿನ ನೀರನ್ನು ಅದೇ ಗೋಡೆಯಿಂದ ಹೊರಬಿಡಬಹುದು, ಪಂಪ್ ಬೇಕಾಗುವುದಿಲ್ಲ. ಈ ರಂಧ್ರಗಳನ್ನೂ ಎಚ್‌ಡಿಎಂಐ ಕೇಬಲ್ಲಿಗೆ 2 ಇಂಚಿನ ಕೊಳವೆಯನ್ನೂ ಬೋರ್ಡ್ ಹೊಡೆಯುವ ಮೊದಲೇ ಮಾಡಿಸಿಕೊಳ್ಳಿ, ಕೊಳವೆಯೊಳಗೆ ಎಳೆಯುವ ದಾರವೊಂದನ್ನು ಬಿಟ್ಟಿರಿ.