ಪದ ಬೇಕು, ತುರ್ತು: ಬಾನ್‌ಫೈರ್

ಎಲ್ಲರಿಗೂ ನಮಸ್ಕಾರ. ಮಕ್ಕಳ ಇತಿಹಾಸದ ಪುಸ್ತಕವೊಂದನ್ನು ಅನುವಾದ ಮಾಡುತ್ತಿದ್ದೇನೆ. ಪುಟಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಂದರ್ಭ ಇದು: 1605ರ ನವೆಂಬರ್ 5. ಲಂಡನ್ನಿನ ಪಾರ್ಲಿಮೆಂಟಿನ ಕೆಳಗೆ 36 ಪೀಪಾಯಿ ಸಿಡಿಮದ್ದಿನ ಜೊತೆ, ರಾಜನನ್ನು ಕೊಲ್ಲುವ ಸಂಚಿನಲ್ಲಿದ್ದ ಗೈ ಫಾಕ್ಸ್ ಸಿಕ್ಕಿಬಿದ್ದ. ರಾಜ ಉಳಿದ ಅಂತ ಜನ ಬೀದಿಯಲ್ಲಿ ಬಾನ್‌ಫೈರ್ ಹಾಕಿದರು. ಇದಕ್ಕೆ ಏನನ್ನೋಣ? ನಾನು 'ಶುಭಾಗ್ನಿ' ಅಂತ ಬರೆದಿದ್ದೆ. 'ಬಾನ್' ಅಂದರೆ ಫ್ರೆಂಚಿನಲ್ಲಿ ಒಳ್ಳೆಯದು, ಅಲ್ವಾ? ಸಂಪಾದಕರು ಅದನ್ನು ಹೊಡೆದುಹಾಕಿ 'ಅಗ್ಗಿಷ್ಟಿಕೆ' ಮಾಡಿದ್ದಾರೆ. ನನಗೆ ಎರಡೂ ಹಿಡಿಸುತ್ತಿಲ್ಲ.

---

ಅಗ್ಗಿಷ್ಟಿಕೆ ಚಳಿ ಕಾಯಿಸಿಕೊಳ್ಳಲು ಮನೆಯೊಳಗೆ ಇಡುವಂಥದ್ದು. ಬೀದಿಗೆ ಬರುವುದಿಲ್ಲ. ಶುಭಾಗ್ನಿ ತಪ್ಪು. ಬಿಡಿ.

---

ಮೇಡಂ, ಶುಭಾಗ್ನಿ ಯಾಕೆ ತಪ್ಪು ಅಂತ ಯಾರಾದರೂ ಹೇಳಬೇಕಲ್ಲ, ನಾನೇ ಹೇಳುತ್ತೇನೆ. ಇದು ಎಷ್ಟೋ ವರ್ಷದಿಂದ ನನ್ನನ್ನು ಕಾಡಿರುವ ಪದ. 'ಒಳ್ಳೆಯ ಬೆಂಕಿ' ಅನ್ನುವುದು ನಿಮ್ಮ ತಪ್ಪಲ್ಲ. 1755ರ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅವರೇ ಹಾಗೆ ಬರೆದರು. ಆದರೆ ಅದು ಮೂಳೆಯ ಬೆಂಕಿ. ಬೋನ್, ಮೂಳೆ. 1483ರ ಒಂದು ಇಂಗ್ಲಿಷ್-ಲ್ಯಾಟಿನ್ ಪದಕೋಶದಲ್ಲಿ 'ಬೇನ್‌ಫೈರ್' ಅಂತಿದೆ. ಅದರ ಎದುರಿಗೆ 'ಇಗ್ನಿಸ್ ಆಸಿಯಂ' ಅಂತ ಅರ್ಥ ಕೊಟ್ಟಿದ್ದಾರೆ, ಅಂದರೆ ಮೂಳೆಗಳ ಬೆಂಕಿ. ಇದಕ್ಕಿಂತ ನೇರ ಸಾಕ್ಷಿ ಬೇಕೆ?

ಜೂನ್ 23ರ ರಾತ್ರಿ, ಸಂತ ಜಾನ್ ಹಬ್ಬದ ಮುನ್ನಾದಿನ, ಮೂರು ಬಗೆಯ ಬೆಂಕಿ ಹಾಕುತ್ತಿದ್ದರು ಅಂತ ಶ್ರಾಪ್‌ಶೈರಿನ ಪಾದ್ರಿ ಜಾನ್ ಮರ್ಕ್ ತನ್ನ ಪ್ರವಚನದಲ್ಲಿ ಹೇಳುತ್ತಾನೆ. ಬರೀ ಮೂಳೆಯದು ಒಂದು, ಬರೀ ಸೌದೆಯದು ಇನ್ನೊಂದು, ಎರಡೂ ಬೆರೆಸಿದ್ದು ಮೂರನೆಯದು. ಬಾನ್‌ಫೈರ್ ಅಂದರೆ ಬರೀ ಮೂಳೆಯದು. ಸುಟ್ಟ ಮೂಳೆಯ ನಾತಕ್ಕೆ ಡ್ರ್ಯಾಗನ್‌ಗಳು ಓಡಿಹೋಗುತ್ತವೆ ಅನ್ನುವ ನಂಬಿಕೆಯಿತ್ತು.

ಬೋನ್ ಯಾಕೆ 'ಬಾನ್' ಆಯಿತು? ಎರಡು ವ್ಯಂಜನ ಒಟ್ಟಿಗೆ ಬಂದಾಗ ಹಿಂದಿನ ದೀರ್ಘ ಕುಗ್ಗಿತು. ಕೀಪ್ ಕೆಪ್ಟ್ ಆದ ಹಾಗೆ. ನಮ್ಮಲ್ಲೂ ಇದೇ ಇದೆ: ನೋ, ನೊಂದ. ಕಾಣ್, ಕಂಡ. ಬೇ, ಬೆಂದ. ಬೆಂಕಿ ಕೂಡ ಆ 'ಬೇ'ಯ ಮನೆತನದ್ದೇ. ಹಾಗೆ ಕುಗ್ಗಿದ ಮೇಲೆ ಒಳಗಿನ ಮೂಳೆ ಕೇಳಿಸದೆ ಹೋಯಿತು. ಹೆಣ ಸುಡುವ ಬೆಂಕಿಗೂ ಈ ಹೆಸರಿತ್ತು, ಗೆಲುವಿನ ಬೆಂಕಿಗೂ ಬಂತು. ಈಗ ಇಂಗ್ಲೆಂಡಿನಲ್ಲಿ ಹಿತ್ತಲಿನ ತರಗೆಲೆ ಸುಟ್ಟರೂ ಬಾನ್‌ಫೈರೇ.

---

ಇಷ್ಟುದ್ದ ಬೇಕಿರಲಿಲ್ಲ. ಅಚ್ಚ ಕನ್ನಡದ ಪದ ಇದೆ: ಕಿಚ್ಚು. ಸಂಕ್ರಾಂತಿಯ ಸಂಜೆ ಮಂಡ್ಯ, ಮೈಸೂರಿನ ಕಡೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಬೀದಿಯಲ್ಲಿ, ಊರೆಲ್ಲ ಸೇರಿ, ಹಬ್ಬಕ್ಕಾಗಿ ಹಾಕುವ ಬೆಂಕಿ. ಅಗ್ನಿ ಸೇರಿಸಿ ಪದ ಹೊಸೆಯುವ ಚಾಳಿ ಇನ್ನಾದರೂ ನಿಲ್ಲಲಿ.

---

ಸ್ಕೌಟ್ಸ್‌ನಲ್ಲಿ 'ಶಿಬಿರಾಗ್ನಿ' ಅಂತ ಹಾಡಿ ಕುಣಿದಿದ್ದೇವೆ. ಯಾರಿಗೂ ಅದು ಭಾರ ಅನಿಸಲಿಲ್ಲ. ಅಗ್ನಿ ಕಂಡರೆ ನಿಮಗೇಕೆ ಇಷ್ಟು ಉರಿ?

---

ಶಿಬಿರಾಗ್ನಿ ಶಿಬಿರದ ಕಾಗದದಲ್ಲಿ ಮಾತ್ರ. ಹುಡುಗರು ಬಾಯಲ್ಲಿ ಹೇಳೋದು 'ಫೈರ್ ಕ್ಯಾಂಪ್'. ಇಂಗ್ಲಿಷಿನವರ ಕ್ಯಾಂಪ್ ಫೈರನ್ನು ತಿರುಗಿಸಿ ನಮ್ಮದು ಮಾಡಿಕೊಂಡಿದ್ದೇವೆ. ಬಾನ್‌ಫೈರ್ ಅಂತಲೇ ಇಡಿ. ಬಸ್ಸು, ಪೆನ್ನು ಬಂದ ದಾರಿಯಲ್ಲೇ ಅದೂ ಬರಲಿ.

---

ಬಸ್ಸು ನಮ್ಮಲ್ಲಿ ಇರಲಿಲ್ಲ, ಹೆಸರಿನ ಸಮೇತ ಬಂತು. ಬೆಂಕಿ ಇರಲಿಲ್ಲವೇ?

---

ದಯವಿಟ್ಟು ಎರವಲಿನ ಜಗಳ ಬೇರೆ ಎಳೆಯಲ್ಲಿ ಮಾಡಿ. ನನಗೆ ಇವತ್ತು ರಾತ್ರಿಯೇ ಉತ್ತರ ಬೇಕು. ಕಿಚ್ಚು ನನಗೂ ಇಷ್ಟ. ಆದರೆ ಕಿಚ್ಚು ಹಾಯಿಸುವುದನ್ನು ನೋಡದ ಮಗುವಿಗೆ ಮೊದಲು ಕೇಳಿಸುವುದು ಕಾಡ್ಗಿಚ್ಚು, ಹೊಟ್ಟೆಕಿಚ್ಚು. ಇನ್ನೊಂದು ತೊಡಕೂ ಇದೆ. ವರ್ಷವರ್ಷವೂ ನವೆಂಬರ್ 5ರಂದು ದೇವರಿಗೆ ಕೃತಜ್ಞತೆ ಹೇಳಬೇಕು ಅಂತ 1606ರಲ್ಲಿ ಕಾಯ್ದೆಯಾಯಿತು. 1859ರಲ್ಲಿ ಅದು ರದ್ದಾಯಿತು. ಬೆಂಕಿ ಹಾಕುವುದು ಮಾತ್ರ ನಿಲ್ಲಲಿಲ್ಲ. ಆ ದಿನಕ್ಕೇ 'ಬಾನ್‌ಫೈರ್ ನೈಟ್' ಅನ್ನುತ್ತಾರೆ. ಅಲ್ಲಿ ನಾಮಪದ ಬೇಕೇ ಬೇಕು.

---

ಮೂಳೆಯ ಕಥೆ ಹೇಳಿದವನು ನಾನೇ. ವಾಕ್ಯದಲ್ಲಿ ನಾಮಪದ ಹುಡುಕಬೇಡಿ ಮೇಡಂ. ಕನ್ನಡ ಇದನ್ನು ಕ್ರಿಯಾಪದದಲ್ಲೇ ಹೇಳುತ್ತದೆ. 'ಜನ ಬೀದಿಬೀದಿಯಲ್ಲಿ ಸೌದೆ ಒಟ್ಟಿ ಬೆಂಕಿ ಹಾಕಿ ಕುಣಿದರು.' ಮಗುವಿಗೆ ರಾಶಿ, ಬೀದಿ, ಖುಷಿ ಮೂರೂ ಕಾಣುತ್ತವೆ. ದಿನದ ಹೆಸರಿಗೆ 'ಬೆಂಕಿಹಬ್ಬದ ರಾತ್ರಿ' ಅನ್ನಿ. ಮೂಳೆ ಬಿಟ್ಟುಹೋಗುತ್ತದಲ್ಲ ಅಂತ ನನಗೆ ನಿಜವಾಗಿ ಸಂಕಟವಿದೆ. ಪುಟದ ಅಡಿಯಲ್ಲಿ ಒಂದು ಸಾಲು ಜಾಗ ಸಿಕ್ಕರೆ ಹಾಕಿಬಿಡಿ.

---

ಎರಡನ್ನೂ ತೆಗೆದುಕೊಂಡೆ ಸರ್. ಅಡಿಯಲ್ಲಿ ಎರಡು ಸಾಲು ಜಾಗ ಇದೆ. ಡ್ರ್ಯಾಗನ್ನೂ ಸೇರಿಸಿದ್ದೇನೆ.